ರುಚಿಯಮ್ಮ ಆಫೀಸಿನಲ್ಲಿ ಕೂತಿರಲಿಲ್ಲ

ಮನೆ, ಅಂಗಳದ ಕಡೆಯ ಕೋಣೆ
ಭಾನುವಾರ, ಅಕ್ಟೋಬರ್ ಆರು

ಪ್ರೀತಿಯ ಮಗಳೇ,

ಹೇಗಿದ್ದೀಯ ಕಂದಾ? ಬಲಗಡೆಯ ಆ ದವಡೆ ಹಲ್ಲು ಈಗ ಸುಮ್ಮನಿದೆಯೋ, ಇಲ್ಲ ಕೊನೆಗೂ ಕೀಳಿಸಿದೆಯೋ? ನೀನು ಹೊರಟ ದಿನ ಕೆನ್ನೆ ಊದಿಕೊಂಡಿತ್ತು. ಆ ಊದಿದ ಕೆನ್ನೆಯಲ್ಲೇ ನನ್ನನ್ನು ಬೈದು, ಬಾಗಿಲನ್ನು ದಡಾರನೆ ಹಾಕಿಕೊಂಡು ಹೋದೆ. ಅರ್ಧ ಮಾತು ನನಗೆ ತಿಳಿಯಲೇ ಇಲ್ಲ. ತಿಳಿದ ಅರ್ಧ ಈ ನಾಲ್ಕೂವರೆ ತಿಂಗಳಿಗೆ ಸಾಕಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ನಿನ್ನ ಜೊತೆ ಕೋಣೆಯಲ್ಲಿರುವ ಗೆಳತಿ ಒಳ್ಳೆಯವಳೆಂದು ನಿನ್ನಮ್ಮ ಹೇಳಿದಳು. ಅಮ್ಮನಿಗೆ ನೀನು ಫೋನ್ ಮಾಡುತ್ತೀಯೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತು, ಆದರೂ ಅವಳು ಫೋನ್ ಹಿಡಿದು ಹಿತ್ತಲಿಗೇ ಹೋಗುತ್ತಾಳೆ. ಅವಳ ಮಂಡಿ ಮಾತ್ರ ಮೊದಲಿನ ಹಾಗೇ ಇದೆ, ಮೂರನೇ ಮೆಟ್ಟಿಲಲ್ಲಿ ನಿಂತು ನನ್ನನ್ನು ಶಪಿಸಿ ನಾಲ್ಕನೆಯದು ಹತ್ತುತ್ತಾಳೆ. ನಾನು ಚೆನ್ನಾಗಿದ್ದೇನೆ. ಪ್ಯಾಂಟುಗಳೆಲ್ಲ ಸಡಿಲವಾಗಿವೆ, ಅಷ್ಟೇ. ನನ್ನ ನಂಬರು ನೋಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿಯುವ ಮೊದಲು ಒಂದು ಸಲ ಓದಿಬಿಡು.

ಇದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ. ಆದರೂ ಮೊದಲಿಂದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇಷ್ಟು ದಿನ ಇದನ್ನು ವಿಮೆಯ ಏಜೆಂಟು ಬರೆದ, ಕಂಪನಿಯವರು ಬರೆದರು, ವಕೀಲರು ಬರೆದರು. ನಾನು ಬರೆದಿರಲಿಲ್ಲ.

ರುಚಿಯಮ್ಮ ನಮ್ಮಲ್ಲಿಗೆ ಬಂದಾಗ ನೀನು ಇನ್ನೂ ಹುಟ್ಟಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಆಗ ಇದ್ದದ್ದು ಒಂದೇ ಯಂತ್ರ. ನಾನು ಹಾಲು ಕಾಯಿಸಬೇಕು, ಅವಳು ಯಂತ್ರದ ಮುಂದೆ ನಿಲ್ಲಬೇಕು, ನಿನ್ನಮ್ಮ ಕಪ್ಪಿಗೆ ಮುಚ್ಚಳ ಹಾಕಬೇಕು. ಪ್ರತಿ ಸಲ ಐಸ್‌ಕ್ರೀಮ್ ಇಳಿದಾಗಲೂ ಅವಳು ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಮ್ಮನ್ನೆಲ್ಲ ಕಾಯಿಸಿ ತೀರ್ಪು ಕೊಡುತ್ತಿದ್ದಳು. "ಸಕ್ಕರೆ ಮುನಿಸ್ಕೊಂಡಿದೆ." "ಹಾಲು ಅವಸರ ಮಾಡಿದೆ ಅಣ್ಣಾ, ಇನ್ನೊಂದು ಐದು ನಿಮಿಷ ಬಿಡ್ಬೇಕಿತ್ತು." ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಹನ್ನೊಂದು ಜನ ಕೆಲಸದವರಾದ ಮೇಲೂ, ಯಂತ್ರ ನಾಲ್ಕಾದ ಮೇಲೂ, ಅವಳು ತಲೆಯಾಡಿಸದೆ ಒಂದು ಡಬ್ಬಿಯೂ ಕೋಲ್ಡ್ ರೂಮಿಗೆ ಹೋಗುತ್ತಿರಲಿಲ್ಲ. ನೀನು ಶಾಲೆಯಿಂದ ಬಂದು ಮಗುಚಿ ಹಾಕಿದ ಕ್ರೇಟಿನ ಮೇಲೆ ಕೂತು ಅವಳ ಪಕ್ಕದಲ್ಲೇ ಲೆಕ್ಕ ಮಾಡುತ್ತಿದ್ದೆ. ನನಗೆ ಒಡಹುಟ್ಟಿದ ಅಕ್ಕತಂಗಿಯರಿಲ್ಲ. ನೀನು ಅತ್ತೆ ಎಂದು ಕರೆದದ್ದು ಅವಳೊಬ್ಬಳನ್ನೇ.

ವಿಮೆಯ ಕಥೆ ಶುರುವಾದದ್ದು ನಮ್ಮ ವ್ಯಾನಿಗೆ ಮಾಲು ತುಂಬುವವನು ಕೋಲ್ಡ್ ರೂಮಿನ ಹೊಸ್ತಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ವರ್ಷ. ಆಗ ಕಂಪನಿಯವರು ಒಂದೂ ಮಾತಿಲ್ಲದೆ ಆಸ್ಪತ್ರೆಗೂ ಕೊಟ್ಟರು, ಅವನು ಮನೆಯಲ್ಲಿ ಮಲಗಿದ್ದ ಏಳು ತಿಂಗಳಿಗೂ ಕೊಟ್ಟರು. ವಿಮೆ ಅಂದರೆ ಹೀಗಿರಬೇಕು ಎಂದು ನಾನು ನಾಲ್ಕು ಜನರ ಮುಂದೆ ಹೊಗಳಿಕೊಂಡು ಓಡಾಡಿದೆ. ಮುಂದಿನ ವರ್ಷದ ಕಂತಿನ ಕಾಗದ ಬಂದಾಗ ನನ್ನ ಹೊಗಳಿಕೆ ಗಂಟಲಲ್ಲೇ ನಿಂತಿತು. ಒಂದೂವರೆ ಪಟ್ಟು. ಏಜೆಂಟನನ್ನು ಕರೆಸಿದೆ. ಬಂದಾಗಲೆಲ್ಲ ಎರಡೆರಡು ಕಪ್ ಖಾಲಿ ಮಾಡುತ್ತಾನೆಂದು ನಿನ್ನಮ್ಮ ಚಮಚ ಎಂದು ಹೆಸರಿಟ್ಟಿದ್ದಳಲ್ಲ, ಅವನೇ. ಕಪ್ಪಿನ ತಳ ಕೆರೆಯುತ್ತಾ ಹೇಳಿದ: "ಐಸ್‌ಕ್ರೀಮ್ ಅಂದ್ರೆ ಮಕ್ಕಳ ತಿಂಡಿ ಅಂದ್ಕೊಂಡಿದೀರಿ ನೀವು. ನಮ್ಮ ಪುಸ್ತಕದಲ್ಲಿ ಅದು ಜಾರೋ ನೆಲ, ತಿರುಗೋ ಬ್ಲೇಡು, ಕೊರೆಯೋ ಚಳಿ, ಪೈಪಲ್ಲಿ ಗ್ಯಾಸು." ಯಂತ್ರದ ಮುಂದೆ ನಿಲ್ಲುವವರ ಸಂಬಳದಲ್ಲಿ ನೂರಕ್ಕೆ ಒಂಬತ್ತು ಕಟ್ಟಬೇಕು, ಆಫೀಸಿನಲ್ಲಿ ಕೂರುವವರಿಗೆ ನೂರಕ್ಕೆ ಒಂದೂ ಇಲ್ಲ. ಐನೂರು ಜನರನ್ನು ಇಟ್ಟುಕೊಂಡ ದೊಡ್ಡ ಕಾರ್ಖಾನೆಗೆ ಇದು ಸೊಳ್ಳೆ ಕಚ್ಚಿದ ಹಾಗೆ, ನಮಗೆ ಹಾಗಲ್ಲ. ಆ ವರ್ಷ ಹಾಲಿನ ದರ ಎರಡು ಸಲ ಏರಿತ್ತು, ಕರೆಂಟಿನ ಬಿಲ್ಲು ನೋಡಿದರೆ ಫ್ರೀಜರಿನ ಬಾಗಿಲು ತೆಗೆಯಲೂ ಭಯವಾಗುತ್ತಿತ್ತು. ಏಜೆಂಟು ಎದ್ದು ಹೋಗುವಾಗ ಹೊಸ್ತಿಲಲ್ಲಿ ನಿಂತು, "ಯಾರ್ಯಾರು ಯಾವ ಕೆಲಸ ಅಂತ ಬರೆಯೋದು ನೀವೇ ಅಲ್ವಾ ಸಾರ್" ಎಂದ. ಅಷ್ಟೇ ಅಂದದ್ದು. ಮಿಕ್ಕದ್ದೆಲ್ಲ ನನ್ನದು.

ನೀನು ರಜೆಗೆ ಬಂದಿದ್ದೆ. ಅಕೌಂಟ್ಸ್ ಓದುತ್ತಿದ್ದವಳು, ಮುತ್ತು ಪೋಣಿಸಿದಂಥ ಅಕ್ಷರ. ಊಟದ ಮೇಜಿನ ಮೇಲೆ ಫಾರ್ಮು ಹರಡಿಕೊಂಡು ನಾನು ಹೇಳುತ್ತಾ ಹೋದೆ, ನೀನು ಬರೆಯುತ್ತಾ ಹೋದೆ. ಇಬ್ಬರು ಪ್ಯಾಕಿಂಗ್ ಹೆಂಗಸರನ್ನು ಆಫೀಸ್ ಸಹಾಯಕಿ ಎಂದಾಗ ನೀನು ತಲೆಯೆತ್ತದೆ ಬರೆದೆ. ರುಚಿಯಮ್ಮನ ಹೆಸರು ಬಂದಾಗ ಪೆನ್ನು ನಿಲ್ಲಿಸಿದೆ. "ಅತ್ತೆ ಯಾವಾಗಪ್ಪಾ ಆಫೀಸಲ್ಲಿ ಕೂತಿದ್ರು?" ನಾನು ನಕ್ಕೆ. "ಮಧ್ಯಾಹ್ನ ಡಬ್ಬಿ ಬಿಚ್ಚೋವಾಗ ಅಲ್ಲೇ ತಾನೆ ಕೂರ್ತಾಳೆ? ಬರಿ, ಬರಿ." ನೀನೂ ನಕ್ಕು ಬರೆದೆ. ಹತ್ತೊಂಬತ್ತರ ಹುಡುಗಿ, ಅಪ್ಪ ಹೇಳಿದ, ಬರೆದೆ. ಅದರಿಂದ ಆ ವರ್ಷ ಉಳಿದದ್ದು ಎಷ್ಟೆಂದು ಈಚೆಗೆ ಕೂತು ಲೆಕ್ಕ ಹಾಕಿದೆ: ಒಂದು ತಿಂಗಳಿಗೆ ನಾವು ತರಿಸುವ ಸಕ್ಕರೆಯ ಬೆಲೆ. ಮುಂದಿನ ಎರಡು ವರ್ಷವೂ ಅದೇ ಫಾರ್ಮನ್ನು ನಕಲು ಮಾಡಿ ಕಳಿಸಿದೆ.

ಮೇ ತಿಂಗಳ ಎರಡನೆಯ ವಾರ ಏನಾಯಿತೆಂಬುದನ್ನು ನಿನಗೆ ಯಾರೂ ಪೂರ್ತಿ ಹೇಳಿರಲಿಕ್ಕಿಲ್ಲ. ನೆಲ ಕಾದ ಹೆಂಚಾಗಿತ್ತು, ಅಂಗಡಿಯವರು ಗೇಟಿನ ಹೊರಗೆ ಬಂದು ನಿಂತು ಮಾಲು ಕೇಳುತ್ತಿದ್ದರು. ಮೂರನೇ ಯಂತ್ರದ ಮುಚ್ಚಳದಲ್ಲಿ ಒಂದು ಸ್ವಿಚ್ಚಿದೆ, ಮುಚ್ಚಳ ಎತ್ತಿದರೆ ಒಳಗಿನ ಬ್ಲೇಡು ತಾನಾಗಿ ನಿಲ್ಲಬೇಕು. ಅದು ಕೆಟ್ಟಿತ್ತು. ಮೆಕ್ಯಾನಿಕ್ ನನ್ನ ಮುಂದೆಯೇ ಹೇಳಿದ, "ಎತ್ತಿದ್ರೂ ತಿರುಗ್ತಾನೇ ಇರುತ್ತೆ ಅಣ್ಣಾ, ಹೊಸ ಸ್ವಿಚ್ ಬರೋಕೆ ಹತ್ತು ದಿನ ಆಗುತ್ತೆ, ಅಲ್ಲೀವರೆಗೂ ನಿಲ್ಸಿಬಿಡಿ." ಬೇಸಿಗೆಯಲ್ಲಿ ಹತ್ತು ದಿನ! ನಾನು ರುಚಿಯಮ್ಮನನ್ನು ಕರೆದು, ಈ ಯಂತ್ರಕ್ಕೆ ನೀನೇ ನಿಲ್ಲು, ಬೇರೆಯವರಿಗೆ ಎಚ್ಚರ ಸಾಲದು ಎಂದೆ. ಐದು ದಿನ ಅವಳು ಎಚ್ಚರದಿಂದಲೇ ಓಡಿಸಿದಳು. ಆರನೆಯ ದಿನ ಯಂತ್ರದ ಬಾಯಿಯ ಹತ್ತಿರ ಐಸ್‌ಕ್ರೀಮ್ ಗಟ್ಟಿ ಕಟ್ಟಿಕೊಂಡಿತು, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಮುಚ್ಚಳ ಎತ್ತಿ ಕೈ ಹಾಕಿದಳು. ನಾನು ಆಫೀಸಿನಲ್ಲಿದ್ದೆ. ಕೂಗು ಕೇಳಿಸಲಿಲ್ಲ, ಮೋಟಾರಿನ ಸದ್ದು ಬದಲಾದದ್ದು ಕೇಳಿಸಿತು. ಅವತ್ತು ವೆನಿಲಾ. ಅದಕ್ಕಿಂತ ಹೆಚ್ಚು ಬರೆಯಲಾರೆ ಮಗಳೇ. ಮೂರನೆಯ ದಿನ ಡಾಕ್ಟರು ಮಣಿಕಟ್ಟಿನವರೆಗೆ ತೆಗೆದರು. ಬಲಗೈ.

ಮುಂದಿನದು ನಿನಗೆ ಗೊತ್ತು. ನೀನು ಓಡಿ ಬಂದೆ, ನಾಲ್ಕು ದಿನ ಆಸ್ಪತ್ರೆಯ ಬೆಂಚಿನಲ್ಲೇ ಕೂತೆ. ಆಫೀಸ್ ಸಹಾಯಕಿ ಯಂತ್ರದೊಳಗೆ ಕೈ ಹಾಕಿದ್ದೇಕೆ ಎಂದು ಕೇಳಿ ಕಂಪನಿಯಿಂದ ಕಾಗದ ಬಂತು, ಜೊತೆಗೆ ಫಾರ್ಮಿನ ಪ್ರತಿ. ನೀನು ಅದನ್ನು ಕೈಯಲ್ಲಿ ಹಿಡಿದು ನಿಂತದ್ದು ನನ್ನ ಕಣ್ಣ ಮುಂದೆಯೇ ಇದೆ. "ಇದು ನನ್ನ ಅಕ್ಷರ ಅಪ್ಪಾ" ಎಂದೆ. ಎಲ್ಲರೂ ಮಾಡುತ್ತಾರೆ, ಸರಿಹೋಗುತ್ತದೆ, ಏಜೆಂಟನ ಹತ್ತಿರ ಮಾತಾಡುತ್ತೇನೆ ಎಂದು ನಾನು ಏನೇನೋ ಅಂದೆ. ನೀನು ಬ್ಯಾಗು ತುಂಬಿಕೊಂಡೆ.

ನೀನು ಹೋದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ನಿನ್ನಮ್ಮ ಹೇಳಿರುವುದಿಲ್ಲ. ಅದನ್ನು ನಾನೇ ಹೇಳಬೇಕೆಂದು ನನಗೇ ಬಿಟ್ಟಿದ್ದಾಳೆ. ಜೂನಿನಲ್ಲಿ ಏಜೆಂಟು ಒಂದು ಕಾಗದ ಟೈಪು ಮಾಡಿಸಿ ತಂದ. "ನಾನು ಯಾರ ಅಪ್ಪಣೆಯೂ ಇಲ್ಲದೆ, ನನ್ನ ಕೆಲಸವಲ್ಲದ ಜಾಗಕ್ಕೆ ಹೋಗಿ, ನನ್ನ ತಪ್ಪಿನಿಂದಲೇ ಗಾಯ ಮಾಡಿಕೊಂಡೆ" ಎಂದು ರುಚಿಯಮ್ಮನೇ ಹೇಳಿದ ಹಾಗೆ ಅದರಲ್ಲಿತ್ತು. ಕೆಳಗೆ ಅವಳ ಸಹಿಯಾದರೆ ಕಂಪನಿಯೂ ಕೊಡಬೇಕಾಗಿಲ್ಲ, ನಾನೂ ಕೊಡಬೇಕಾಗಿಲ್ಲ. ನಾನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಅವಳ ಮನೆಗೆ ಹೋದೆ. ಆ ಮೂರನೇ ಮಹಡಿಯ ಒಂಟಿ ಕೋಣೆ, ಕಿಟಕಿಯ ಕೆಳಗೆ ಸ್ಟೌ, ಹಗ್ಗದ ಮೇಲೆ ತೊಳೆದು ಹಾಕಿದ ಬ್ಯಾಂಡೇಜು ಬಟ್ಟೆ. ಕುರ್ಚಿ ನನಗೆ ಕೊಟ್ಟು ತಾನು ಹಾಸಿಗೆಯ ಅಂಚಿನಲ್ಲಿ ಕೂತಳು. "ಕನ್ನಡಕ ಒಡೆದುಹೋಗಿದೆ ಅಣ್ಣಾ, ನೀವೇ ಓದಿ ಹೇಳಿ" ಎಂದಳು. ಓದಿದೆ. ಒಂದು ಪದವನ್ನೂ ನುಂಗಲಿಲ್ಲ, ನುಂಗಿದರೆ ಇನ್ನೂ ದೊಡ್ಡ ಮೋಸವಾಗುತ್ತದೆ ಎಂದು ಆ ಹೊತ್ತಿನಲ್ಲಿ ನನ್ನನ್ನು ನಾನೇ ಮೆಚ್ಚಿಕೊಂಡೆ, ನೋಡು. ಅವಳು ಕೇಳಿ ಮುಗಿಸಿ ನನ್ನ ಕಡೆ ತಿರುಗಿದಳು. "ನಾನು ಯಾವತ್ತು ಅಣ್ಣಾ ನಿಮ್ಮನ್ನ ಕೇಳ್ದೆ ಯಂತ್ರ ಮುಟ್ಟಿದೀನಿ?" ಅದರಲ್ಲಿ ಕೋಪವಿರಲಿಲ್ಲ. ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದಳು, ಅಂಥ ಒಂದು ದಿನ ಇತ್ತೇನೋ ಎಂದು. ನಾನು ನೆಲ ನೋಡಿದೆ. "ಇಲ್ದಿದ್ರೆ ಕಾರ್ಖಾನೆ ಮುಚ್ಬೇಕಾಗುತ್ತೆ, ಹತ್ತು ಜನದ ಅನ್ನ" ಎಂದೆ. ಅವಳು ಪೆನ್ನು ತೆಗೆದುಕೊಂಡಳು. ಎಡಗೈಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ, ನಾಲಿಗೆ ಕಚ್ಚಿಕೊಂಡು, ಒಂದನೇ ಕ್ಲಾಸಿನ ಮಗುವಿನ ಹಾಗೆ ಬರೆದಳು. ಕಾಗದ ಜಾರುತ್ತಿತ್ತು. ಜಾರದ ಹಾಗೆ ಅದರ ಅಂಚನ್ನು ಒತ್ತಿ ಹಿಡಿದದ್ದು ನಾನು, ನನ್ನ ಎರಡೂ ಕೈಯಿಂದ.

ಅದು ಕೆಲಸ ಮಾಡಿತು. ಕಂಪನಿಯವರು ಫೈಲು ಮುಚ್ಚಿದರು. ಆಸ್ಪತ್ರೆಯ ಬಿಲ್ಲು ನಾನು ಕಟ್ಟಿದೆ, ಅದನ್ನೇ ದೊಡ್ಡಸ್ತಿಕೆ ಎಂದುಕೊಂಡೆ. ಆಗಸ್ಟಿನಲ್ಲಿ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ಗೇಟಿನಲ್ಲಿ ನಿಂತಿದ್ದಳು, ಒಗೆದ ಏಪ್ರನ್ ಹಾಕಿಕೊಂಡು. "ಮುಚ್ಚಳ ಹಾಕೋಕೆ ಒಂದು ಕೈ ಸಾಕಣ್ಣಾ. ರುಚಿ ನೋಡೋಕೆ ಅದೂ ಬೇಡ" ಎಂದು ನಕ್ಕಳು. ಒಂದು ಕೈಯವಳನ್ನು ಇಟ್ಟುಕೊಂಡರೆ ದರ ಮತ್ತೆ ಏರುತ್ತದೆ, ಮುಚ್ಚಿದ ಫೈಲು ತಾನಾಗಿ ತೆರೆದುಕೊಳ್ಳುತ್ತದೆ ಎಂದು ಏಜೆಂಟು ಮೊದಲೇ ಹೇಳಿದ್ದ. ಮುಂದಿನ ವಾರ ನೋಡೋಣ ಎಂದೆ. ಮುಂದಿನ ಸೋಮವಾರವೂ ಬಂದಳು. ಮೂರನೆಯ ಸೋಮವಾರ ನಾನು ಹಿಂದಿನ ಬಾಗಿಲಿಂದ ಹೊರಗೆ ಹೋಗಿ, ಅವಳು ಹೋಗುವವರೆಗೂ ಹಾಲಿನ ಕ್ಯಾನುಗಳ ಮರೆಯಲ್ಲಿ ನಿಂತಿದ್ದೆ. ಐವತ್ತೆಂಟು ವರ್ಷದ ಗಂಡಸು. ನಾಲ್ಕನೆಯ ಸೋಮವಾರ ಅವಳು ಬರಲಿಲ್ಲ.

ನಿನ್ನಮ್ಮ ಆ ವಾರ ಒಬ್ಬಳೇ ಅವಳನ್ನು ನೋಡಲು ಹೋದಳು, ಆ ಮಂಡಿ ಹೊತ್ತುಕೊಂಡು ಮೂರು ಮಹಡಿ. ಬಂದವಳು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಬೈಯುತ್ತಾಳೆ ಎಂದುಕೊಂಡೆ. "ಅವಳು ಕೂದಲು ಕತ್ತರಿಸ್ಕೊಂಡಿದಾಳೆ" ಎಂದಳು. ನನಗೆ ಅರ್ಥವಾಗಲಿಲ್ಲ. "ಒಂದು ಕೈಯಲ್ಲಿ ಜಡೆ ಹಾಕ್ಕೊಳ್ಳೋಕಾಗಲ್ಲ ಅಲ್ವಾ. ದಿನಾ ಬೆಳಿಗ್ಗೆ ಪಕ್ಕದ ಮನೆಯವರನ್ನ ಎಷ್ಟು ದಿನ ಕರೀತಾಳೆ." ಅಷ್ಟು ಹೇಳಿ ಒಳಗೆ ಹೋದಳು. ಮಗಳೇ, ಆಸ್ಪತ್ರೆಯಲ್ಲಿ ಆ ಬ್ಯಾಂಡೇಜು ಸುತ್ತಿದ ತುದಿ ನೋಡಿದಾಗಲೂ ನನ್ನ ತಲೆಯಲ್ಲಿ ಫಾರ್ಮು, ಕಂತು, ಕಂಪನಿ ಓಡುತ್ತಿದ್ದವು. ಸೊಂಟದವರೆಗಿನ ಆ ಜಡೆಯನ್ನು ಟೋಪಿಯೊಳಗೆ ತುರುಕಲು ಅವಳು ಪಡುತ್ತಿದ್ದ ಪಾಡಿಗೆ ನಾವೆಲ್ಲ ನಗುತ್ತಿದ್ದೆವಲ್ಲ.

ಸೆಪ್ಟೆಂಬರಿನ ಮೊದಲ ವಾರ ಕಾರ್ಮಿಕ ಅಧಿಕಾರಿಯ ಹತ್ತಿರ ಹೋಗಿ ಎಲ್ಲ ಬರೆದುಕೊಟ್ಟೆ. ಸ್ವಿಚ್ಚಿನ ವಿಷಯ, ಫಾರ್ಮಿನ ವಿಷಯ, ಸಹಿ ಹಾಕಿಸಿದ ವಿಷಯ. ಅಕ್ಷರ ಮಗಳದು, ಮಾತು ನನ್ನದು ಎಂದೂ ಬರೆದಿದ್ದೇನೆ, ಅದರ ಭಯ ನಿನಗೆ ಬೇಡ. ಅಲ್ಲಿಂದ ಸೀದಾ ರುಚಿಯಮ್ಮನ ಮನೆಗೆ ಹೋದೆ. ಕ್ಷಮಿಸು ಎನ್ನಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದವನಿಗೆ ಬಾಗಿಲಲ್ಲೇ ಕಣ್ಣೀರು ಬಂತು. ಅವಳು ಒಳಗೆ ಕರೆಯಲಿಲ್ಲ. "ಮತ್ತೆ ಕಾಗದ ತಂದಿದೀರಾ?" ಎಂದಳು. ಇಲ್ಲ ಎಂದು ನಡೆದದ್ದು ಹೇಳಿದೆ. ಕೇಳಿಸಿಕೊಂಡಳು. "ಸರಿ. ಆದ್ರೆ ಇಲ್ಲಿ ಅಳ್ಬೇಡಿ ಅಣ್ಣಾ. ನೀವತ್ತರೆ ನಾನೇ ಸಮಾಧಾನ ಮಾಡ್ಬೇಕು. ನನಗೆ ಇವತ್ತು ಅಷ್ಟು ತ್ರಾಣ ಇಲ್ಲ." ಬಾಗಿಲು ಮೆಲ್ಲಗೆ ಹಾಕಿಕೊಂಡಳು. ನೀನು ಹಾಕಿದ ಬಾಗಿಲಿಗಿಂತ ಆ ಬಾಗಿಲಿನ ಸದ್ದು ನನಗೆ ಹೆಚ್ಚು ಕೇಳಿಸಿತು.

ಈಗ ಕಂಪನಿಯ ವಕೀಲರು ಬೇರೆ ರಾಗ ತೆಗೆದಿದ್ದಾರೆ. ನಾನೂ ಅವಳೂ ಸೇರಿಕೊಂಡು ದುಡ್ಡು ಹೊಡೆಯಲು ಹೊಸ ಕಥೆ ಕಟ್ಟಿದ್ದೇವಂತೆ; ಅವಳೇ ಸಹಿ ಮಾಡಿದ ಕಾಗದ ಕೈಯಲ್ಲಿರುವಾಗ ಇದನ್ನು ಹೇಗೆ ನಂಬುವುದು ಎಂದು ಕೇಳುತ್ತಾರೆ. ಏಜೆಂಟು ತಾನು ಯಾವ ಕಾಗದವನ್ನೂ ಕಂಡೇ ಇಲ್ಲ ಎಂದಿದ್ದಾನೆ. ಎರಡು ಯಂತ್ರ ಮಾರಿದೆ. ಬಂದದ್ದನ್ನು ಅವಳ ಹೆಸರಿನಲ್ಲಿ ಇಟ್ಟಿದ್ದೇನೆ, ಅದು ಮುಳುಗಿದ ಮನೆಯಿಂದ ಒಂದು ಚೊಂಬು ನೀರು ಹೊರಗೆ ಚೆಲ್ಲಿದ ಹಾಗೆ. ಕೆಲಸದವರಲ್ಲಿ ಏಳು ಜನ ಹೆದ್ದಾರಿಯ ದೊಡ್ಡ ಕಾರ್ಖಾನೆಗೆ ಹೋದರು, ಮೆಕ್ಯಾನಿಕ್ ಕೂಡ. ಅಲ್ಲಿನವರಿಗೆ ತಿಳಿದರೆ ಹೊಸ ಕೆಲಸಕ್ಕೆ ಕಲ್ಲು ಬೀಳುತ್ತದೆಂದು ಹೆದರಿ ಅವರಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ. ಅವರನ್ನು ದೂರುವ ಮುಖ ನನಗಿಲ್ಲ. ಮಿಕ್ಕವರನ್ನು ನಾನೇ ಕರೆದು ಲೆಕ್ಕ ಮುಗಿಸಿದೆ. ನಿನ್ನೆ ಕೋಲ್ಡ್ ರೂಮಿನ ಬಾಗಿಲು ತೆಗೆದು ಒಳಗೆ ನಿಂತೆ. ಒಳಗೂ ಹೊರಗೂ ಒಂದೇ ಸೆಖೆ. ಗೋಡೆಯಿಂದ ನೀರಿಳಿದು ಒಣಗಿದ ಗುರುತು, ಹಳೆಯ ಹಾಲಿನ ಹುಳಿ ವಾಸನೆ. ನನ್ನ ಪ್ರಾಯವೆಲ್ಲ ಆ ಕೋಣೆಯನ್ನು ತಣ್ಣಗಿಡುವುದರಲ್ಲೇ ಕಳೆದಿತ್ತು.

ನೀನು ನನ್ನನ್ನು ಕ್ಷಮಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಹಲ್ಲು ಡಾಕ್ಟರಿಗೆ ತೋರಿಸಿಕೋ. ಹೊಸ ಕೆಲಸದಲ್ಲಿ ಯಾರೇ ಯಾವ ಫಾರ್ಮು ತುಂಬು ಎಂದರೂ ಓದಿ ತುಂಬು, ಅನುಮಾನ ಬಂದರೆ ಪೆನ್ನು ಕೆಳಗಿಡು. ನಿನ್ನ ಗೆಳತಿಗೆ ನನ್ನ ಆಶೀರ್ವಾದ ತಿಳಿಸು. ನೀನು ಎಲ್ಲಿದ್ದರೂ ತಣ್ಣಗಿರು ತಾಯೀ, ನಿನ್ನ ಕೆಲಸ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬೆಳಗಿನಿಂದ ಮುಂದೂಡುತ್ತಾ ಬಂದದ್ದು. ಹದಿನೇಳನೇ ತಾರೀಕು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಅಧಿಕಾರಿಯ ಮುಂದೆ ವಿಚಾರಣೆ ಇದೆ. ನನ್ನ ಮಾತೊಂದೇ ಸಾಲದು, ಅವಳು ಯಂತ್ರದ ಕೆಲಸದವಳೆಂದು ಗೊತ್ತಿದ್ದೂ ನಾನು ಫಾರ್ಮಿನಲ್ಲಿ ಸುಳ್ಳು ಬರೆಸಿದ್ದನ್ನು ಕಂಡವರು, ಕೇಳಿದವರು ಇನ್ನೊಬ್ಬರು ಬೇಕು ಎಂದರು. ಅಂಥವಳು ನೀನೊಬ್ಬಳೇ. ಆ ಫಾರ್ಮು ಬರೆಯುವಾಗ ನಡೆದದ್ದನ್ನು ನೀನು ಬಂದು ಹೇಳಿದರೆ ಅವಳಿಗೆ ಸಿಗಬೇಕಾದದ್ದು ಸಿಗುತ್ತದೆ. ನನಗೆ ದಂಡವೋ ಜೈಲೋ, ವಕೀಲರಿಗೂ ಖಚಿತವಿಲ್ಲ. ನಿನ್ನಮ್ಮನಿಗೆ ಎಲ್ಲ ಹೇಳಿದ್ದೇನೆ, ಅವಳು ನಿನ್ನ ಹಾಸಿಗೆಗೆ ಆಗಲೇ ಹೊಸ ಹೊದಿಕೆ ಹಾಸಿದ್ದಾಳೆ. ನನಗಾಗಿ ಒಂದು ಪದವನ್ನೂ ಮೆತ್ತಗೆ ಮಾಡಬೇಡ. ಹೇಳುವಾಗ ಅಧಿಕಾರಿಯ ಮುಖ ನೋಡು, ನನ್ನ ಕಡೆ ತಿರುಗಬೇಡ. ತಿರುಗಿದರೆ ನಿನಗೆ ಮಾತು ಮುಂದಕ್ಕೆ ಹೋಗುವುದಿಲ್ಲ, ಅದು ನನಗೆ ಗೊತ್ತು.